ಲ್ಯಾಪ್‌ಟಾಪ್‌ಗಿಂತ ಮೊದಲು ಕ್ಯಾಲ್ಕುಲೇಟರ್

ಡಿಗ್ರಿ ಮೊದಲ ವರ್ಷ ನನ್ನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಅಮೆರಿಕದಿಂದ ಬಂದ ಅತ್ತೆ ಮಗ ತನ್ನ ಹೈಸ್ಕೂಲಿನ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಟ್ಟುಹೋದ. ನಾನು ಪ್ರೋಗ್ರಾಮಿಂಗ್ ಕಲಿತದ್ದು ಅದರಲ್ಲೇ!

‘ಇಫ್’, ‘ಫಾರ್’ ಎಲ್ಲವನ್ನೂ ಮೆನುವಿನಿಂದಲೇ ಆರಿಸಬೇಕು. ಅಕ್ಷರ ಕೂಡಿಸಿ ಬರೆದರೆ ಅದಕ್ಕೆ ಅರ್ಥವಾಗದು. ಸಿಂಟ್ಯಾಕ್ಸ್ ತಪ್ಪಿದ್ದರೆ ‘ಗೋಟೂ’ ಆರಿಸಿದ ಕೂಡಲೇ ಆ ಜಾಗಕ್ಕೇ ಕರೆದೊಯ್ಯುತ್ತದೆ. ಇಂಥ ಮೇಷ್ಟ್ರು ಎಲ್ಲಿ ಸಿಗುತ್ತಾರೆ? ಆದರೆ ತಿದ್ದುವುದು ತಾಳ್ಮೆಯ ಪರೀಕ್ಷೆ. ಇನ್ಸರ್ಟ್ ಒತ್ತದಿದ್ದರೆ ಹಳೆಯದರ ಮೇಲೆಯೇ ಹೊಸದು ಕೂರುತ್ತದೆ. ಕ್ಲಿಯರ್ ಒತ್ತಿದರೆ ಇಡೀ ಸಾಲೇ ಮಾಯ, ಅನ್‌ಡೂ ಇಲ್ಲ. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಸಾಲು ಸಾಲು ಓದಿ, ಆಮೇಲೆ ಗುಂಡಿ ಒತ್ತುವುದು ರೂಢಿಯಾಯಿತು. ಪರೀಕ್ಷೆಗೆ ಅದನ್ನು ಒಯ್ಯುವಂತಿರಲಿಲ್ಲ, ಬಿಡಿ.

ಕ್ಯಾಂಪಸ್ ಸಂದರ್ಶನದಲ್ಲಿ ಬಿಳಿ ಹಾಳೆ ಕೊಟ್ಟು ‘ಕೋಡ್ ಬರೆಯಿರಿ’ ಎಂದರು. ಕೀಬೋರ್ಡ್ ಇಲ್ಲವೆಂದು ಪಕ್ಕದವರು ಗೊಣಗುತ್ತಿದ್ದರು. ನಾನು ಆಗಲೇ ಬರೆಯತೊಡಗಿದ್ದೆ.