ಅರ್ದಿತವಾಯು: ರೋಗದ ಗತಿ ಮತ್ತು ಚಿಕಿತ್ಸೆಯ ಪರೀಕ್ಷೆ

ಮುಖದ ಒಂದು ಪಾರ್ಶ್ವವು ಒಂದೆರಡು ದಿನಗಳಲ್ಲಿ ಬಲಗುಂದಿ, ಕಣ್ಣು ಮುಚ್ಚಲಾಗದೆ, ಬಾಯಿ ಸೊಟ್ಟಗಾಗುವ ವ್ಯಾಧಿಯೊಂದುಂಟು. ಮುಖವನ್ನು ವಕ್ರಗೊಳಿಸುವ ವಾತರೋಗವನ್ನು ಆಯುರ್ವೇದವು ಅರ್ದಿತವೆಂದು ಕರೆದಿದೆ. ಆಧುನಿಕ ವೈದ್ಯದಲ್ಲಿ, ಸ್ಪಷ್ಟ ಕಾರಣ ಕಾಣದೆ ಮುಖದ ನರಕ್ಕೆ ತಗಲುವ ಈ ವಾಯುವಿಗೆ, 1821ರಲ್ಲಿ ಆ ನರದ ಕಾರ್ಯವನ್ನು ವಿವರಿಸಿದ ಸ್ಕಾಟ್ಲೆಂಡಿನ ಸರ್ ಚಾರ್ಲ್ಸ್ ಬೆಲ್ಲರ (1774–1842) ಹೆಸರು ನಿಂತಿದೆ. ಈ ನರವು ಕಿವಿಯ ಬಳಿಯ ಎಲುಬಿನೊಳಗಣ ಇಕ್ಕಟ್ಟಾದ ನಾಳದಲ್ಲಿ ಸಾಗುತ್ತದೆ. ಅಲ್ಲಿ ನರವು ಊದಿಕೊಂಡರೆ ಅದಕ್ಕೆ ಹಿಗ್ಗಲು ಎಡೆಯಿಲ್ಲ. ಒತ್ತಡಕ್ಕೆ ಸಿಲುಕಿ ಅದರ ಕೆಲಸ ಕುಂಠಿತವಾಗುತ್ತದೆ.

ಚಿಕಿತ್ಸೆಯ ಬೆಲೆ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಔಷಧವನ್ನೇ ಕೊಡದಿದ್ದರೆ ರೋಗದ ಗತಿಯೇನು? ಡೆನ್ಮಾರ್ಕಿನ ವೈದ್ಯ ಪೀಟರ್ಸನ್ ಇಂತಹ 1,701 ರೋಗಿಗಳನ್ನು ಚಿಕಿತ್ಸೆಯಿಲ್ಲದೆಯೇ ಅವಲೋಕಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡ 85 ಮಂದಿಯಲ್ಲಿ ಮೂರು ವಾರಗಳೊಳಗೆ ಚೇತರಿಕೆ ಮೊದಲಾಯಿತು. ಶೇಕಡ 71 ಮಂದಿ ಪೂರ್ಣವಾಗಿ ಗುಣಹೊಂದಿದರು. ಎಂದರೆ, ಯಾವ ಲೇಪ, ಯಾವ ತಾಯಿತ, ಯಾವ ಗುಳಿಗೆ ಕೊಟ್ಟರೂ ಹತ್ತರಲ್ಲಿ ಏಳು ಮಂದಿ ಅದನ್ನೇ ಕೊಂಡಾಡುವರು. ಪ್ರಕೃತಿಯ ಕೀರ್ತಿ ಔಷಧಕ್ಕೆ ಸಲ್ಲುವುದು. ಉಳಿದ ಮೂವರ ಮುಖದಲ್ಲಿ ಮಾತ್ರ ಊನವು ಹೆಚ್ಚೋ ಕಡಿಮೆಯೋ ಉಳಿಯುತ್ತದೆ. ಔಷಧದ ನಿಜವಾದ ಪರೀಕ್ಷೆ ನಡೆಯಬೇಕಾದುದು ಅವರ ವಿಷಯದಲ್ಲಿ.

ಅಂತಹ ಪರೀಕ್ಷೆಯೊಂದು ಬೆಲ್ಲರ ತಾಯ್ನಾಡಿನಲ್ಲಿಯೇ ನಡೆದು 2007ರಲ್ಲಿ ಪ್ರಕಟವಾಯಿತು. ರೋಗ ತಲೆದೋರಿದ 72 ಗಂಟೆಗಳೊಳಗೆ ಬಂದ 551 ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಲಾಯಿತು. ಹತ್ತು ದಿನಗಳ ಕಾಲ ಕೆಲವರಿಗೆ ಊತವನ್ನಡಗಿಸುವ ಪ್ರೆಡ್ನಿಸೊಲೋನ್, ಕೆಲವರಿಗೆ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಔಷಧಗುಣವಿಲ್ಲದ ತೋರಿಕೆಯ ಗುಳಿಗೆಗಳು ದೊರೆತವು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಪರೀಕ್ಷಕನಿಗೂ ತಿಳಿಯದು. ಒಂಬತ್ತು ತಿಂಗಳ ಬಳಿಕ ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇಕಡ 94.4, ಪಡೆಯದವರಲ್ಲಿ ಶೇಕಡ 81.6 ಮಂದಿ ಪೂರ್ಣವಾಗಿ ಗುಣವಾಗಿದ್ದರು. ಅಸೈಕ್ಲೋವಿರಿನಿಂದ ಪ್ರಯೋಜನ ಕಾಣಲಿಲ್ಲ. ತರ್ಕಕ್ಕೆ ಒಪ್ಪುವಂತಿದ್ದ ಎರಡು ಔಷಧಗಳಲ್ಲಿ ಒಂದು ಗೆದ್ದಿತು, ಮತ್ತೊಂದು ಸೋತಿತು. ಹೋಲಿಕೆಯಿಲ್ಲದಿದ್ದರೆ ಎರಡಕ್ಕೂ ಸಮಾನ ಗೌರವವೇ ದೊರೆಯುತ್ತಿತ್ತು.

ಈ ಸಂಶೋಧನೆಯಿಂದ ಮನೆಮಂದಿಗೆ ದೊರೆಯುವ ತಿಳಿವಳಿಕೆ ಇಷ್ಟು. ರೋಗವು ತಾನಾಗಿ ವಾಸಿಯಾಗಬಹುದೆಂದು ಸುಮ್ಮನಿರಲಾಗದು. ಔಷಧದ ಗುಣವನ್ನು ಪರೀಕ್ಷಿಸಿರುವುದು ಮೊದಲ ಮೂರು ದಿನಗಳೊಳಗೆ ಬಂದವರಲ್ಲಿ. ಪ್ರೆಡ್ನಿಸೊಲೋನ್ ಸಕ್ಕರೆಯ ಅಂಶವನ್ನು ಏರಿಸುವುದರಿಂದ ಮಧುಮೇಹಿಗಳು ಅದನ್ನು ವೈದ್ಯರಿಗೆ ತಿಳಿಸಬೇಕು. ಮುಚ್ಚದ ಕಣ್ಣು ಒಣಗದಂತೆ ಕಾಪಾಡುವುದೂ ಅಷ್ಟೇ ಅಗತ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಸೊಟ್ಟ ಮುಖವೆಲ್ಲವೂ ಅರ್ದಿತವಲ್ಲ. ಬೆಲ್ಲರ ವಾಯುವಿನಲ್ಲಿ ಆ ಬದಿಯ ಹಣೆಯೂ ಸುಕ್ಕುಗಟ್ಟದು. ಹಣೆ ಎಂದಿನಂತೆ ಸುಕ್ಕುಗಟ್ಟಿ ಕೆಳಮುಖ ಮಾತ್ರ ಜೋತುಬಿದ್ದರೆ, ಇಲ್ಲವೆ ಕೈಕಾಲು ಸೋತು ಮಾತು ತೊದಲಿದರೆ, ಅದು ಮೆದುಳಿನ ಆಘಾತವಿರಬಹುದು. ಅಲ್ಲಿ ಲೆಕ್ಕವಿರುವುದು ದಿನಗಳಲ್ಲಲ್ಲ, ನಿಮಿಷಗಳಲ್ಲಿ. ಸಂದೇಹವಿದ್ದಲ್ಲಿ ಮನೆಯಲ್ಲಿ ನಿರ್ಣಯಿಸುತ್ತ ಕೂರದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯುವುದೇ ಕ್ಷೇಮ.