‘ಸ್ಮಿತ್’ ಎಂಬ ಅಡ್ಡಹೆಸರು

ಇಂಗ್ಲೆಂಡಿನಲ್ಲಿ ಅತ್ಯಂತ ಹೆಚ್ಚು ಜನರಿಗಿರುವ ಅಡ್ಡಹೆಸರು ‘ಸ್ಮಿತ್’. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2010ರ ಜನಗಣತಿಯಂತೆ ಈ ಹೆಸರಿನವರು 24 ಲಕ್ಷಕ್ಕೂ ಹೆಚ್ಚು. ಇವರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯೇ? ಇದನ್ನು ನಾವೀಗ ಪರಿಶೀಲಿಸೋಣ.

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಲೋಹವನ್ನು ಬಡಿದು ರೂಪಿಸುವವನು, ಮುಖ್ಯವಾಗಿ ಕಮ್ಮಾರ, ಎಂದರ್ಥ. ನೇಗಿಲ ಕುಳ, ಕುದುರೆಯ ಲಾಳ, ಕೊಡಲಿ, ಮೊಳೆ ಎಲ್ಲಕ್ಕೂ ಅವನೇ ಬೇಕು. ಆದ್ದರಿಂದ ಕುಲುಮೆಯು ಎಲ್ಲೆಡೆಯಲ್ಲಿಯೂ ಇದ್ದಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಡ್ಡಹೆಸರಿನ ರೂಢಿ ಕ್ರಮೇಣ ಹರಡಿತು. ಒಂದೇ ಊರಿನಲ್ಲಿ ಹಲವರು ಜಾನ್ ಎಂಬುವರಿದ್ದಾಗ ಒಬ್ಬನನ್ನು ‘ಕಮ್ಮಾರ ಜಾನ್’ ಎಂದು ಗುರುತಿಸುವುದು ಸಹಜವಷ್ಟೆ. ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಇಂತಹ ಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿಯುವುದು ಸಾಮಾನ್ಯವಾಯಿತು. ಮಗನು ಸುತ್ತಿಗೆ ಹಿಡಿಯದಿದ್ದರೂ ‘ಸ್ಮಿತ್’ ಆಗಿಯೇ ಉಳಿದನು.

ಅಡ್ಡಹೆಸರಿನಂತೆಯೇ, ಗಂಡಸಿನ ಜೀವಕೋಶದಲ್ಲಿರುವ ‘ವೈ’ ವರ್ಣತಂತುವೂ ತಂದೆಯಿಂದ ಮಗನಿಗೆ ಬರುತ್ತದೆ. ಲೆಸ್ಟರ್ ವಿಶ್ವವಿದ್ಯಾನಿಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇವೆರಡನ್ನೂ ಹೋಲಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ‘ಆಟನ್‌ಬರೋ’ ಎಂಬ ವಿರಳ ಹೆಸರಿನ ಗಂಡಸರಲ್ಲಿ ಬಹುಮಂದಿಯ ವೈ ವರ್ಣತಂತು ಒಂದೇ ಬಗೆಯದಾಗಿದ್ದಿತು. ಸ್ಮಿತ್ ಹೆಸರಿನವರಲ್ಲಾದರೋ, ಯಾರಾದರೂ ಇಬ್ಬರು ಗಂಡಸರಲ್ಲಿ ಕಾಣುವುದಕ್ಕಿಂತ ಹೆಚ್ಚಿನ ಹೋಲಿಕೆ ಕಂಡುಬರಲಿಲ್ಲ.

ಈ ಹೆಸರು ಊರೂರಿನ ಕುಲುಮೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತೆಂಬುದು ಇದರಿಂದ ಸ್ಪಷ್ಟ. ಹೆಸರೊಂದಾದ ಮಾತ್ರಕ್ಕೆ ರಕ್ತವೂ ಒಂದೆಂದು ನಾವು ಎಣಿಸಬಾರದು.