ತಂತಿಯಿಲ್ಲದ ಸ್ಪೀಕರುಗಳ ಕಾಲಜ್ಞಾನ

ಧಾರವಾಡದ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾದ ಮೇಲೆ ಬಹುಕಾಲದವರೆಗೆ, ಒಂದೇ ಓಣಿಯ ಹತ್ತು ಮನೆಗಳ ರೇಡಿಯೋಗಳು ಅದರ ಸಂಗೀತವನ್ನು ಒಟ್ಟಿಗೆ ನುಡಿಯುತ್ತಿದ್ದಾಗ, ಅವುಗಳಲ್ಲಿ ಒಂದು ಮುಂದಾಗಿ ಇನ್ನೊಂದು ಹಿಂದಾಗುವ ಪ್ರಸಂಗವೇ ಇರಲಿಲ್ಲ. ಘಟ್ಟವನ್ನಿಳಿದು ನೂರಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿರುವ ಗೋವೆಯ ಸಾಂಖಳಿಯನ್ನು ಮುಟ್ಟಲು ಆ ತರಂಗಕ್ಕೆ ಬೇಕಾದ ಅವಧಿಯು ಒಂದು ಮಿಲಿಸೆಕೆಂಡಿನ, ಎಂದರೆ ಸೆಕೆಂಡಿನ ಸಾವಿರದ ಒಂದಂಶದ, ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಅಧಿಕ. ನೆರೆಹೊರೆಯ ಮನೆಗಳ ನಡುವಣ ವ್ಯತ್ಯಾಸವಂತೂ ಗಣನೆಗೇ ಬಾರದು. ರೇಡಿಯೋ ತನಗೆ ಬಂದುದನ್ನು ಬಂದ ಗಳಿಗೆಯಲ್ಲೇ ನುಡಿಯುತ್ತಿತ್ತು. ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ, ಆದುದರಿಂದ ಗಡಿಯಾರದ ಅಗತ್ಯವೂ ಇರಲಿಲ್ಲ.

ಚೋರ್ಲಾ ಘಾಟಿನ ದಾರಿಯಾಗಿ ಬೆಳಗಾವಿಗೆ ಹೋಗಿಬರುವ ಸಾಂಖಳಿಯ ಕನ್ನಡ ಮನೆಯೊಂದರಲ್ಲಿ ಈಗ ಗೋಡೆಯ ಎರಡು ತುದಿಗಳಿಗೆ ಎರಡು ವೈಫೈ ಸ್ಪೀಕರುಗಳನ್ನಿಟ್ಟು, ಎಡದ್ದರಿಂದ ತಂಬೂರಿಯೂ ಬಲದ್ದರಿಂದ ತಬಲೆಯೂ ನಡುವೆ ಶೂನ್ಯದಿಂದೆಂಬಂತೆ ಗಾಯಕನ ಕಂಠವೂ ಕೇಳಲಿ ಎಂದು ಬಯಸಿದರೆ, ರೇಡಿಯೋ ಎಂದೂ ಅರಿಯದ ಸಂಕಷ್ಟವೊಂದು ಎದುರಾಗುತ್ತದೆ. ಈ ಸ್ಪೀಕರುಗಳಿಗೆ ಸಂಗೀತವು ಹರಿದು ಬರುವುದಿಲ್ಲ. ಅಂಕಿಗಳ ಚಿಕ್ಕ ಚಿಕ್ಕ ಕಟ್ಟುಗಳಾಗಿ, ಒಮ್ಮೆ ಬೇಗ ಒಮ್ಮೆ ತಡವಾಗಿ, ಬಂದು ಬೀಳುತ್ತದೆ. ಪ್ರತಿಯೊಂದು ಸ್ಪೀಕರೂ ಅವನ್ನು ಒಂದಿಷ್ಟು ದಾಸ್ತಾನು ಮಾಡಿಕೊಂಡು, ತನ್ನೊಳಗಿನ ಗಡಿಯಾರ ಹೇಳಿದ ವೇಗದಲ್ಲಿ ಬಿಡಿಸಿ ನುಡಿಯುತ್ತದೆ. ಗಡಿಯಾರಗಳು ಎರಡು, ಅವು ಒಂದನ್ನೊಂದು ಅರಿಯವು; ಆದುದರಿಂದ ಒಂದು ಸ್ಪೀಕರು ಇನ್ನೊಂದಕ್ಕಿಂತ ಕೆಲವು ಮಿಲಿಸೆಕೆಂಡು ಹಿಂದೆ ಬೀಳಬಹುದು.

ಇಷ್ಟು ಸೂಕ್ಷ್ಮವಾದ ಕಾಲಭೇದವನ್ನು ಕಿವಿ ಗುರುತಿಸೀತೇ ಎಂಬ ಸಂದೇಹ ಸಹಜವಾದುದು. ಸಾಂಖಳಿಯ ಬಿಸಿಹವೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು, ಎಂದರೆ ಮಿಲಿಸೆಕೆಂಡಿಗೆ 35 ಸೆಂಟಿಮೀಟರು, ಚಲಿಸುತ್ತದೆ. ತಲೆಯ ಒಂದು ಪಕ್ಕದಿಂದ ಬಂದ ದನಿ ಇನ್ನೊಂದು ಕಿವಿಯನ್ನು ತಲುಪುವುದು ಹೆಚ್ಚೆಂದರೆ 0.7 ಮಿಲಿಸೆಕೆಂಡು ತಡವಾಗಿ. ಈ ಅತ್ಯಲ್ಪ ವಿಳಂಬದಿಂದಲೇ ಮಂದ್ರಸ್ವರಗಳ ದಿಕ್ಕನ್ನು ನಾವು ತಿಳಿಯುತ್ತೇವೆಂಬುದನ್ನು ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ 1907ರಲ್ಲಿ ವಿವರಿಸಿದ್ದನು. ಅನುಕೂಲ ಸ್ಥಿತಿಯಲ್ಲಿ ಸೆಕೆಂಡಿನ ಲಕ್ಷದ ಒಂದಂಶದಷ್ಟು ಭೇದವೂ ಕಿವಿಗೆ ಗೋಚರ! ಇಂಗ್ಲೆಂಡಿನ ಅಲನ್ ಬ್ಲಮ್ಲೀನನು 1931ರಲ್ಲಿ ಸ್ಟೀರಿಯೋ ಧ್ವನಿಗೆ ಹಕ್ಕುಪತ್ರವನ್ನು ಬೇಡಿದಾಗ ಆಶ್ರಯಿಸಿದ್ದು ಕಿವಿಯ ಈ ಕುಶಲತೆಯನ್ನೇ.

ಎರಡು ಸ್ಪೀಕರುಗಳಲ್ಲಿ ಒಂದು ನಾಲ್ಕೈದು ಮಿಲಿಸೆಕೆಂಡು ಹಿಂದೆ ಬಿದ್ದರೆ ಪ್ರತಿಧ್ವನಿಯೇನೂ ಕೇಳದು. ಬದಲಾಗಿ, ನಡುವೆ ಕುಳಿತಿದ್ದ ಗಾಯಕನು ಎದ್ದು ಮುಂದಿರುವ ಸ್ಪೀಕರಿನೊಳಕ್ಕೆ ಹೊಕ್ಕುಬಿಡುತ್ತಾನೆ. ಮೊದಲು ಮುಟ್ಟಿದ ದನಿಗೇ ಮಣೆ ಹಾಕುವುದು ಶ್ರವಣದ ಸ್ವಭಾವ. ಅಂತರವು ಮೂವತ್ತು ನಲವತ್ತು ಮಿಲಿಸೆಕೆಂಡನ್ನು ಮೀರಿತೆಂದರೆ ಮಾತು ಎರಡಾಗಿ ಒಡೆಯುತ್ತದೆ. ತಬಲೆಯ ಮೊನಚಾದ ಪೆಟ್ಟು ಇನ್ನೂ ಮುಂಚೆಯೇ ಒಡೆಯುತ್ತದೆ, ಆಲಾಪವು ಬಹಳ ಹೊತ್ತು ಸಹಿಸುತ್ತದೆ. ವಿಚಿತ್ರವೆಂದರೆ, ಸ್ಟೀರಿಯೋ ಹುಟ್ಟುವ ಮೊದಲಿನ ಮುದ್ರಣಗಳಿಗೇ ಈ ದೋಷ ಹೆಚ್ಚು ಬಾಧಕ. ಗೋವೆಯವರೇ ಆದ, 1977ರಲ್ಲಿ ವಾಯೇಜರ್ ನೌಕೆಯೊಡನೆ ಯಾರ ಧ್ವನಿ ಅಂತರಿಕ್ಷಕ್ಕೆ ಹೋಯಿತೋ ಆ ಗಾಯಕಿ ಕೇಸರಬಾಯಿ ಕೇರ್ಕರರ ಹಳೆಯ ತಟ್ಟೆಗಳಲ್ಲಿ ಇರುವುದು ಒಂದೇ ಧ್ವನಿಧಾರೆ; ಅದು ಎರಡೂ ಸ್ಪೀಕರುಗಳಿಂದ ಒಂದು ಮಿಲಿಸೆಕೆಂಡಿನ ಅಂತರದಲ್ಲಿ ಹೊರಟರೆ 500, 1500, 2500 ಹರ್ಟ್ಸ್‌ಗಳ ಕಂಪನಗಳು ಪರಸ್ಪರ ಅಳಿಸಿಕೊಂಡು, ಆ ಗಂಭೀರ ಕಂಠವು ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ.

ಆರಂಭದ ಕ್ಷಣವನ್ನು ಒಮ್ಮೆ ಸರಿಹೊಂದಿಸಿದರೆ ಸಾಲದೇ? ಸಾಲದು. ಸ್ಪೀಕರಿನ ಗಡಿಯಾರವು ಒಂದು ಸ್ಫಟಿಕದ ಚೂರು. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಅದು ತಪ್ಪುವುದು ಸಾಧಾರಣ, ಬಿಸಿಲು ಬೀಳುವ ಕಿಟಕಿಯ ಬಳಿಯಿಟ್ಟರೆ ಆ ತಪ್ಪು ತಾನೂ ಬದಲಾಗುತ್ತದೆ. ಒಂದು ಅಷ್ಟು ಮುಂದೆ ಓಡಿ ಇನ್ನೊಂದು ಅಷ್ಟೇ ಹಿಂದುಳಿದರೆ, ಅರ್ಧ ಗಂಟೆಯ ಬಡಾ ಖಯಾಲ್ ಮುಗಿಯುವಷ್ಟರಲ್ಲಿ ಅಂತರವು 72 ಮಿಲಿಸೆಕೆಂಡು ಆಗಿರುತ್ತದೆ. ಆದುದರಿಂದ ಸ್ಪೀಕರುಗಳು ಹಾಡಿನುದ್ದಕ್ಕೂ ಪರಸ್ಪರ ವೇಳೆಯನ್ನು ವಿಚಾರಿಸುತ್ತಲೇ ಇರಬೇಕು.

ಆ ವಿಚಾರಣೆಯ ಕ್ರಮ ಸೊಗಸಾದುದು. ಸಾಂಖಳಿಯ ಪೇಟೆಯ ಮನೆಯವರು ನೆರೆಯ ವಿಠ್ಠಲಾಪುರದ ಬಂಧುಗಳ ಗಡಿಯಾರವನ್ನು ತಿಳಿಯಲು ಹುಡುಗನೊಬ್ಬನನ್ನು ಅಟ್ಟಿದರೆನ್ನೋಣ. ಅವನು ಇಲ್ಲಿಯ ಗಡಿಯಾರದಂತೆ 9 ಗಂಟೆಗೆ ಹೊರಟನು. ಅಲ್ಲಿ ಮುಟ್ಟಿದಾಗ ಅವರ ಗಡಿಯಾರ 9.25 ತೋರಿತು; ಕೂಡಲೆ ಹೊರಟು ಇಲ್ಲಿಯ 9.40ಕ್ಕೆ ಮರಳಿದನು. ಹೋಗಿಬರಲು 40 ನಿಮಿಷ, ಒಂದು ಕಡೆಗೆ 20. ಅವನು ಮುಟ್ಟಿದಾಗ ಇಲ್ಲಿ 9.20 ಆಗಿರಬೇಕಾದ್ದರಿಂದ ಅವರ ಗಡಿಯಾರ 5 ನಿಮಿಷ ಮುಂದು. ಗಣಕವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ ಗಣಕಜಾಲಕ್ಕೆಂದು ವಿಧಿಸಿದ ವೇಳೆಯ ನಿಯಮವೂ, 2002ರಲ್ಲಿ ಯಂತ್ರಾಗಾರಗಳಿಗೆಂದು ಬಂದ ಇನ್ನೂ ನಿಖರವಾದ ನಿಯಮವೂ ಇದೇ ಲೆಕ್ಕದ ಮೇಲೆ ನಿಂತಿವೆ. ಭೇದ ತಿಳಿದ ಸ್ಪೀಕರು ಸೆಕೆಂಡಿಗೆ 44,100ರಂತೆ ಬಿಡಿಸುವ ಅಂಕಿಗಳ ವೇಗವನ್ನು ಕೂದಲೆಳೆಯಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ಜೊತೆಗೂಡುತ್ತದೆ. ಇದರಿಂದಾಗುವ ಶ್ರುತಿಭೇದ ಯಾವ ಗವಾಯಿಗೂ ತಿಳಿಯದು.

ಆದರೆ ಈ ಲೆಕ್ಕದ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಹುಡುಗನು ಹೋಗಲು 25 ನಿಮಿಷವನ್ನೂ ಬರಲು 15 ನಿಮಿಷವನ್ನೂ ತೆಗೆದುಕೊಂಡಿದ್ದರೆ, ಬಂಧುಗಳ ಗಡಿಯಾರ ಸರಿಯಾಗಿಯೇ ಇತ್ತು. ನಾವು ಅದನ್ನು ವೃಥಾ ಹಿಂದಕ್ಕೆ ತಿರುಗಿಸಿದಂತಾಯಿತು. ಹೋಗುವ ದಾರಿಯೂ ಬರುವ ದಾರಿಯೂ ಸಮವೆಂಬುದನ್ನು ಸಂದೇಶಗಳ ವಿನಿಮಯವೊಂದರಿಂದಲೇ, ಎಷ್ಟು ಸಾವಿರ ಸಲ ಮಾಡಿದರೂ, ಸಾಧಿಸಲಾಗದು. ವೈಫೈಯಲ್ಲಿ ತರಂಗದ ಪಯಣಕ್ಕೆ ಕಾಲವೇ ತಗಲುವುದಿಲ್ಲವೆನ್ನಬಹುದು. ತಗಲುವುದೆಲ್ಲ ಸರದಿಗಾಗಿ ಕಾಯುವುದರಲ್ಲಿ. ಗೋವೆಯ ಹಳೆಯ ಮನೆಗಳ ದಪ್ಪನಾದ ಜಂಬಿಟ್ಟಿಗೆಯ ಗೋಡೆಗಳಲ್ಲಿ ತರಂಗ ಕ್ಷೀಣಿಸಿ, ಒಂದೇ ಸಂದೇಶವನ್ನು ಮರಳಿ ಮರಳಿ ಕಳುಹಬೇಕಾದಾಗ ಈ ಕಾಯುವಿಕೆ ಹೆಚ್ಚುತ್ತದೆ, ಅಸಮವೂ ಆಗುತ್ತದೆ. ಅತ್ಯಂತ ಬೇಗ ಹೋಗಿಬಂದ ಸಂದೇಶಗಳನ್ನು ಮಾತ್ರ ನಂಬಿ, ಮಿಕ್ಕವನ್ನು ತಳ್ಳಿಹಾಕುವುದೇ ಇದಕ್ಕೆ ಉಪಾಯ: ಬೇಗ ಬಂದವನು ದಾರಿಯಲ್ಲೆಲ್ಲೂ ನಿಂತಿರಲಾರನಷ್ಟೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸ್ನ್ಯಾಪ್‌ಕ್ಯಾಸ್ಟ್ ಎಂಬ ತಂತ್ರಾಂಶವು ಸ್ಪೀಕರುಗಳ ನಡುವೆ ಸಾಮಾನ್ಯವಾಗಿ 0.2 ಮಿಲಿಸೆಕೆಂಡಿಗಿಂತ ಕಡಿಮೆ ಅಂತರವನ್ನು ಸಾಧಿಸುತ್ತದೆ.

ಬ್ಲೂಟೂತಿನ ಕಥೆ ಬೇರೆ. ಅಲ್ಲಿ ಫೋನು ಒಂದೇ ಸ್ಪೀಕರಿಗೆ ಹಾಡನ್ನೊಪ್ಪಿಸಿ, ಅದು ತನ್ನ ಜೊತೆಗಾರನಿಗೆ ದಾಟಿಸುವ ಪದ್ಧತಿ ಬಹುಕಾಲ ನಡೆಯಿತು. ಇದು ಒಬ್ಬನೇ ತಯಾರಕನ ಜೋಡಿಗಳೊಳಗೆ ಮಾತ್ರ ಕೂಡಿಬರುವ ಒಪ್ಪಂದ. ಎರಡೂ ಸ್ಪೀಕರುಗಳಿಗೆ ನೇರವಾಗಿ ಕಳುಹಿಸಿ, ಇದೇ ಕ್ಷಣಕ್ಕೆ ನುಡಿಯಿರೆಂದು ವಿಧಿಸುವ ವ್ಯವಸ್ಥೆ 2020ರ ಸುಮಾರಿಗೆ ಬಂದಿತು.

ಹೀಗಿದ್ದರೂ, ಅಡಿಗೆಮನೆಗೊಂದು ಪಡಸಾಲೆಗೊಂದು ಸ್ಪೀಕರಿಟ್ಟು ಓಡಾಡುತ್ತ ಕೇಳುವವರಿಗೆ ಹತ್ತು ಮಿಲಿಸೆಕೆಂಡಿನ ಹೊಂದಿಕೆಯೇ ಧಾರಾಳವಾಯಿತು, ಇದಕ್ಕಿಂತ ಹೆಚ್ಚಿನ ನಿಖರತೆಗಾಗಿ ಹಣ ತೆರುವುದು ವ್ಯರ್ಥವೆಂದೇ ನನ್ನ ಮತ. ಕುರ್ಚಿಯನ್ನು ನಡುವಿನಿಂದ ಒಂದು ಮೊಳ ಪಕ್ಕಕ್ಕೆ ಎಳೆದುಕೊಂಡರೇ ಸುಮಾರು ಒಂದು ಮಿಲಿಸೆಕೆಂಡಿನ ಭೇದ ತಾನಾಗಿ ಉಂಟಾಗುತ್ತದೆ. ಸರಿಯಾಗಿ ನಡುವೆಯೇ ಕುಳಿತು ಖಯಾಲನ್ನು ಆಲಿಸುವ ಹಟವುಳ್ಳವರು ಮಾತ್ರ ಒಬ್ಬನೇ ತಯಾರಕನ ಜೋಡಿಯನ್ನು ಕೊಳ್ಳಲಿ, ಇಲ್ಲವೆ ತಂತಿಗೆ ಮರಳಲಿ: ಒಂದೇ ಆಂಪ್ಲಿಫೈಯರಿನಿಂದ ಹೊರಟ ಎರಡು ತಂತಿಗಳಿಗೆ ಗಡಿಯಾರವೊಂದೇ, ಮತ್ತು ಅವುಗಳಲ್ಲಿ ಒಂದು 10 ಮೀಟರು ಉದ್ದವಾದರೂ ವಿಳಂಬವು ಸೆಕೆಂಡಿನ ಕೋಟಿಯ ಒಂದಂಶವನ್ನು ಮುಟ್ಟುವುದಿಲ್ಲ.